ಅತ್ತೆಯನ್ನು ಗೋಡೆಗೆ ಕೂರಿಸಿದ್ದು

"ಇನ್ನು ಮನೆಗೆ ಕರ್ಕೊಂಡು ಹೋಗಿ, ಆರಾಮಾಗಿ ನೋಡ್ಕೊಳ್ಳಿ" ಎಂದು ದೊಡ್ಡಾಸ್ಪತ್ರೆಯ ಡಾಕ್ಟರು ಹೇಳಿದಾಗ ನಮ್ಮ ಮನೆಯವರೆಲ್ಲ ಭಕ್ತಿಯಿಂದ ತಲೆ ಆಡಿಸಿದರು. ಆರಾಮ ಅಂದರೆ ಏನು ಎಂದು ಯಾರೂ ಕೇಳಲಿಲ್ಲ. ಕೇಳುವುದೇನಿದೆ? ನಮ್ಮ ಕಡೆ ಆರಾಮ ಅಂದರೆ ಮಲಗುವುದು. ಜ್ವರ ಬಂದರೆ ಮಲಗು, ಕಾಲು ನೋವಾದರೆ ಮಲಗು, ಮನಸ್ಸಿಗೆ ಬೇಜಾರಾದರೆ ಹೊದ್ದುಕೊಂಡು ಮಲಗು. ಹಾಗಾಗಿ ಅತ್ತೆಯನ್ನು ನ್ಯಾಮತಿಗೆ ಕರೆತಂದು, ಒಳಕೋಣೆಯ ಮಂಚದ ಮೇಲೆ, ಹಪ್ಪಳ ಒಣಗಿಸಲು ಹರವಿದ ಹಾಗೆ ಅಂಗಾತ ಮಲಗಿಸಿದೆವು.

ಅತ್ತೆಗೆ ಆಗಿದ್ದು ಶ್ವಾಸಕೋಶದ ಕ್ಯಾನ್ಸರ್. ಎದೆಯೊಳಗೆ ನೀರು ತುಂಬಿಕೊಳ್ಳುತ್ತಿತ್ತು. ಅಂಗಾತ ಮಲಗಿದರೆ ಉಸಿರು ಗಂಟಲಲ್ಲೇ ನಿಲ್ಲುತ್ತಿತ್ತು. ಪಾಪ, ಎದ್ದು ಕೂರೋಣ ಎಂದು ಅವರು ಕೈ ಊರಿದರೆ ಸಾಕು, ನಾವು ನಾಲ್ಕು ಕಡೆಯಿಂದ ಓಡಿ ಬಂದು, ಹೆಗಲು ಒತ್ತಿ ಮತ್ತೆ ಮಲಗಿಸುತ್ತಿದ್ದೆವು. ಅಷ್ಟು ಪ್ರೀತಿ ನಮ್ಮದು.

ನೋಡಲು ಬರುವವರೂ ಕಡಿಮೆ ಏನಿರಲಿಲ್ಲ. ಎಳನೀರು, ಮೂಸಂಬಿ, ಗ್ಲೂಕೋಸ್ ಬಿಸ್ಕತ್ತು ಹಿಡಿದು ಬರುತ್ತಿದ್ದರು. ಬಂದವರು ಮಂಚದ ಸುತ್ತ ಕುರ್ಚಿ ಹಾಕಿಕೊಂಡು ಕೂತು, ಅತ್ತೆ ಕಿವುಡರೇನೋ ಎನ್ನುವಂತೆ ಅವರ ಮುಂದೆಯೇ, "ಏನ್ ಇದ್ಲು, ಹೆಂಗಾದ್ಲು ನೋಡು" ಅನ್ನುತ್ತಿದ್ದರು. ಫ್ಯಾನಿನ ಗಾಳಿಯನ್ನೂ ಅವರೇ ಅಡ್ಡಗಟ್ಟುತ್ತಿದ್ದರು. ಎಳನೀರನ್ನೂ ಬಹುಪಾಲು ಅವರೇ ಕುಡಿದು ಹೋಗುತ್ತಿದ್ದರು. ಹೋಗುವಾಗ ನನಗೆ ಒಂದು ಬುದ್ಧಿಮಾತು: "ಅಲುಗಾಡಿಸಬೇಡವ್ವಾ. ಆರಾಮಾಗಿ ಮಲ್ಕಂಡಿರ್ಲಿ."

ಅತ್ತೆಯ ಸಂಕಟ ಉಸಿರಿನದೊಂದೇ ಆಗಿರಲಿಲ್ಲ. ಕೊರಳಲ್ಲಿ ಬೆಳ್ಳಿ ಕರಡಿಗೆಯೊಳಗೆ ಕಟ್ಟಿಕೊಂಡಿದ್ದ ಇಷ್ಟಲಿಂಗವನ್ನು ಬೆಳಿಗ್ಗೆ ಎಡ ಅಂಗೈ ಮೇಲಿಟ್ಟು ಪೂಜೆ ಮಾಡದೆ ಬಾಯಿಗೆ ಏನೂ ಹಾಕಿಕೊಂಡವರಲ್ಲ ಅವರು. ನಾನು ಮದುವೆಯಾಗಿ ಬಂದಾಗಿನಿಂದ ನೋಡಿದ್ದೇನೆ. ಹಾಲು ಉಕ್ಕಿ ಒಲೆ ಆರಲಿ, ಬೀಗರು ಬಂದು ಬಾಗಿಲಲ್ಲಿ ನಿಲ್ಲಲಿ, ಪೂಜೆಯ ನಡುವೆ ಕಣ್ಣೂ ತೆರೆಯುವುದಿಲ್ಲ, ತುಟಿಯನ್ನೂ ಬಿಚ್ಚುವುದಿಲ್ಲ. ಅಂಥವರಿಗೆ ಈಗ ನಾವು ಮಲಗಿದಲ್ಲೇ ಚಮಚದಲ್ಲಿ ಗಂಜಿ ಕುಡಿಸಲು ಹೋದರೆ, ಅವರು ಮುಖ ಗೋಡೆಯ ಕಡೆ ತಿರುಗಿಸುತ್ತಿದ್ದರು. ನಾವು ಅದಕ್ಕೂ ಒಂದು ಅರ್ಥ ಹಚ್ಚಿದೆವು: "ಬಾಯಿ ರುಚಿ ಹೋಗೈತೆ."

ಮನೆಗೇ ಬಂದು ನೋವಿನ ಔಷಧಿ ಕೊಟ್ಟು ಹೋಗುವ ನರ್ಸಮ್ಮ ಒಬ್ಬರಿದ್ದರು. ಅವರು ಒಂದು ದಿನ, "ಒಬ್ಬ ಫಿಸಿಯೋ ಮೇಡಂನ ಕಳಿಸ್ತೀನಿ" ಎಂದರು. ನಮ್ಮ ಯಜಮಾನರು ಅವರು ಹೋಗುವವರೆಗೆ ಕಾದು, ಆಮೇಲೆ ನನ್ನ ಮೇಲೆ ಹಾರಾಡಿದರು.

"ಫಿಸಿಯೋ ಅಂದ್ರೆ ಯಾರು? ಬೈಕಿಂದ ಬಿದ್ದೋರ ಕಾಲು ಜಗ್ಗೋರು. ಅವ್ವ ಏನು ಇನ್ನು ಓಟದ ಪಂದ್ಯಕ್ಕೆ ಹೋಗ್ಬೇಕಾ?"

"ಬರ್ಲಿ ಬಿಡ್ರಿ, ನೋಡಾಕೆ ಅಂತ ದಿನಾ ಇಷ್ಟು ಜನ ಬರ್ತಾರೆ. ಇವರು ಎಳನೀರಾದ್ರೂ ಕೇಳಲ್ಲ" ಎಂದೆ ನಾನು.

ಬಂದಳು. ಜಗಳೂರು ತಾಲೂಕಿನ ಸೊಕ್ಕೆ ಕಡೆಯ ಹೆಣ್ಣುಮಗಳು, ಹೊನ್ನಾಳಿಯಲ್ಲಿ ರೂಮು ಮಾಡಿಕೊಂಡಿದ್ದಳು. ಬಸ್ಸಿಳಿದು ಬಂದವಳೇ ಮೊದಲು ನೀರು ಕೇಳಿದಳು, ಆಮೇಲೆ ಚಹಾ ಕೇಳಿದಳು, ಆಮೇಲೆ ಚಹಾಕ್ಕೆ ಸಕ್ಕರೆ ಕಮ್ಮಿ ಆಯಿತು ಎಂದಳು. ಕೋಣೆಯೊಳಗೆ ಹೋದವಳು ನಮ್ಮನ್ನೆಲ್ಲ ಬಿಟ್ಟು ಅತ್ತೆಯ ಪಕ್ಕ ಮಂಚದ ಮೇಲೆಯೇ ಕೂತು ಕೇಳಿದಳು:

"ಅಜ್ಜಿ, ನಿಮಗೇನು ಆಗ್ಬೇಕ್ರಿ ಈಗ?"

ಆ ಮನೆಯಲ್ಲಿ ಅಷ್ಟು ದಿನ ಯಾರೂ ಕೇಳದ ಪ್ರಶ್ನೆ ಅದು. ಅತ್ತೆ ಉಸಿರು ಕೂಡಿಸಿಕೊಂಡು, ತುಂಡು ತುಂಡಾಗಿ ಹೇಳಿದರು.

"ಲಿಂಗಪೂಜೆ ಮಾಡ್ಕಬೇಕು. ಕುಂತ್ಕಂಡು. ಮಲ್ಕಂಡು ಪೂಜೆ ಮಾಡ್ತಾರೇನು ಯಾರಾದ್ರೂ? ಪೂಜೆ ಇಲ್ದೆ ಉಣ್ಣಾಕೆ ನಾನೇನು ದನಾನಾ?"

ನಮ್ಮ ಯಜಮಾನರು ಬಾಗಿಲಲ್ಲಿ ನಿಂತು ಕಣ್ಣು ಒರೆಸಿಕೊಂಡರು. ಮಗ ಅಂತ ಇದ್ದಿದ್ದಕ್ಕೆ ಅಷ್ಟಾದರೂ ಮಾಡಿದರು.

"ರೋಗ ನನ್ನ ಕೈಯಾಗೆ ಇಲ್ರಿ ಅಜ್ಜಿ, ಸುಳ್ಳು ಹೇಳಲ್ಲ. ಕುಂದ್ರಿಸೋದು ಐತೆ. ಅಷ್ಟು ಮಾಡೋಣ" ಎಂದಳು ಅವಳು.

ಕುಂದ್ರಿಸುವುದೇನು ದೊಡ್ಡ ವಿದ್ಯೆ ಎಂದುಕೊಂಡಿದ್ದೆ. ನಾವು ಎಬ್ಬಿಸುತ್ತಿದ್ದ ರೀತಿ ಗೊತ್ತಲ್ಲ: ಎರಡೂ ರಟ್ಟೆ ಹಿಡಿದು, ಬಾವಿಯಿಂದ ಕೊಡ ಎಳೆದ ಹಾಗೆ. ಅವಳು ಹಾಗಲ್ಲ. ಮೊದಲು ಮಗ್ಗುಲಿಗೆ ಹೊರಳಿಸಿದಳು. ಕಾಲು ಮಂಚದ ಕೆಳಗೆ ಇಳಿಬಿಟ್ಟಳು. ಮೊಣಕೈ ಊರಿಸಿ, ಬೆನ್ನಿಗೆ ಕೈ ಕೊಟ್ಟಳು. ಅತ್ತೆ ಎದ್ದು ಕೂತೇಬಿಟ್ಟರು. ಆಯಾಸ ಬಂದಾಗ ಹೆದರಿ ಗಾಳಿ ಎಳೆಯಬೇಡಿ, ಬಸಿಯಲ್ಲಿನ ಬಿಸಿ ಚಹಾ ಆರಿಸುವಂತೆ ತುಟಿ ಚೂಪು ಮಾಡಿ ನಿಧಾನವಾಗಿ ಊದಿ ಎಂದು ಹೇಳಿಕೊಟ್ಟಳು. ಟೇಬಲ್ ಫ್ಯಾನು ತಂದು ಮುಖಕ್ಕೆ ಗಾಳಿ ಬರುವಂತೆ ಇಟ್ಟಳು. ನೋಡಲು ಬರುವವರ ಕುರ್ಚಿಗಳನ್ನು ಎತ್ತಿ ಹಿತ್ತಲಿಗೆ ಹಾಕಿಸಿದಳು. ಅದೊಂದಕ್ಕೇ ಅವಳ ಕಾಲಿಗೆ ಬೀಳಬೇಕು ಅನ್ನಿಸಿತು ನನಗೆ.

ಆಮೇಲಿನ ಸಲ ಬಂದಾಗ ಪೂಜೆಗೆ ಕೂರಿಸುವುದೆಂದಾಯಿತು. ಮಂಚ ಮೆತ್ತಗೆ, ಹುದುಗಿ ಹೋಗುತ್ತಾರೆ. ಹಾಲ್‌ನಲ್ಲಿ ಕಿಟಕಿ ಪಕ್ಕದ ಗೋಡೆ ಚೆನ್ನಾಗಿದೆ, ಬೆಳಕು ಗಾಳಿ ಎರಡೂ ಬರುತ್ತವೆ ಎಂದು ಅವಳೇ ಆರಿಸಿದಳು. ಗೋಡೆಗೆ ಹಾಸಿಗೆ ಸುತ್ತಿ ಇಟ್ಟೆವು. ಎರಡೂ ಪಕ್ಕಕ್ಕೆ ದಿಂಬು. ಕುತ್ತಿಗೆ ವಾಲದಂತೆ ಸುರುಳಿ ಸುತ್ತಿದ ಟವೆಲ್ಲು. ಎಡ ಮೊಣಕೈ ಕೆಳಗೆ ಮಡಚಿದ ಬೆಡ್‌ಶೀಟು, ಅಂಗೈ ಎದೆಯ ಮಟ್ಟಕ್ಕೆ ನಿಲ್ಲಲು. ನಾನು ಒದ್ದೆ ಬಟ್ಟೆಯಿಂದ ಮೈ ಒರೆಸಿ, ಬಿಳಿ ಸೀರೆ ಉಡಿಸಿ, ಹಣೆಗೆ ವಿಭೂತಿ ಹಚ್ಚಿ, ಊದುಬತ್ತಿ ಹೊತ್ತಿಸಿದೆ. ಅತ್ತೆ ಎಡಗೈ ಮೇಲೆ ಲಿಂಗ ಇಟ್ಟುಕೊಂಡು ಕಣ್ಣು ಮುಚ್ಚಿದರು. ಫಿಸಿಯೋ ಹುಡುಗಿ ಅವರ ಪಕ್ಕದಲ್ಲೇ ನೆಲಕ್ಕೆ ಕೂತು, ತಲೆ ತಗ್ಗಿಸಿಕೊಂಡು, ಎದೆ ಏರಿಳಿಯುವುದನ್ನೇ ನೋಡುತ್ತಿದ್ದಳು. ಗಂಜಿ ಬಿಸಿ ಮಾಡಲು ನಾನು ಅಡಿಗೆಮನೆಗೆ ಹೋದೆ.

ಇಲ್ಲೊಂದು ಮಾತು ಹೇಳಬೇಕು. ನಮ್ಮಲ್ಲಿ ಜೀವ ಹೋದವರನ್ನು ಮಲಗಿಸಿ ಇಡುವುದಿಲ್ಲ. ಕೂರಿಸುತ್ತೇವೆ. ಸ್ನಾನ ಮಾಡಿಸಿ, ವಿಭೂತಿ ಹಚ್ಚಿ, ಗೋಡೆಗೆ ಆನಿಸಿ ಕೂರಿಸಿ, ಎಡ ಅಂಗೈ ಮೇಲೆ ಲಿಂಗ ಇಡುತ್ತೇವೆ. ಮಣ್ಣು ಮಾಡುವುದೂ ಕೂತ ಹಾಗೆಯೇ. ಇದು ನಮ್ಮ ಕಡೆ ಸಣ್ಣ ಮಕ್ಕಳಿಗೂ ಗೊತ್ತು. ಸೊಕ್ಕೆಯ ಹುಡುಗಿಗೆ ಗೊತ್ತಿರಲಿಲ್ಲ, ಅವರ ಮನೆತನದಲ್ಲಿ ಮಲಗಿಸಿಯೇ ಒಯ್ಯುವುದು. ನನಗೆ ಗೊತ್ತಿತ್ತು, ಆದರೆ ಗಂಜಿ ತಳ ಹಿಡಿಯುತ್ತಿತ್ತು.

ಆಗ ಬಂದರು ಚಿಕ್ಕತ್ತೆ. ಅತ್ತೆಯ ಸ್ವಂತ ತಂಗಿ, ಚನ್ನಗಿರಿಯವರು. ಬಸ್ಸಿಳಿದು, ಬಾಳೆಹಣ್ಣಿನ ಚೀಲ ಹಿಡಿದು ಹೊಸ್ತಿಲು ದಾಟಿದರು. ಎದುರಿಗೆ ಗೋಡೆಗೆ ಆನಿಸಿದ ಅಕ್ಕ, ವಿಭೂತಿ, ಮುಚ್ಚಿದ ಕಣ್ಣು, ಎಡಗೈಯಲ್ಲಿ ಲಿಂಗ, ಊದುಬತ್ತಿಯ ಹೊಗೆ, ಪಕ್ಕದಲ್ಲಿ ತಲೆ ತಗ್ಗಿಸಿ ಕೂತ ಒಬ್ಬ ಹೆಣ್ಣುಮಗಳು. ಇನ್ನೇನು ಬೇಕು? ಚೀಲ ಕೈಬಿಟ್ಟು ಎದೆ ಬಡಿದುಕೊಂಡರು.

"ಅಯ್ಯೋ ನನ್ನಕ್ಕಾ! ನನ್ನ ಬಂಗಾರದಂಥ ಅಕ್ಕಾ! ನಾನು ಬರೋವರೆಗೂ ಇರ್ಬಾರ್ದಿತ್ತೇನೇ!"

ಫಿಸಿಯೋ ಹುಡುಗಿ ಗಾಬರಿಯಾಗಿ ಎದ್ದಳು. ಚಿಕ್ಕತ್ತೆ ಅವಳ ಕೊರಳಿಗೇ ಬಿದ್ದು ಗೋಳಾಡಿದರು. ತಿಂಗಳುಗಟ್ಟಲೆ ಮಲಗಿದ್ದ ಅಕ್ಕ ಎದ್ದು ಕೂತಿದ್ದಕ್ಕೆ ಸಂತೋಷದ ಕಣ್ಣೀರು ಎಂದುಕೊಂಡಳು ಅವಳು. ಬೆನ್ನು ತಟ್ಟಿ ಸಮಾಧಾನ ಮಾಡಿದಳು.

"ಅಳಬೇಡ್ರಿ ಅಮ್ಮಾ. ಎಷ್ಟು ಚಂದ ಕುಂತಾರೆ ನೋಡ್ರಿ. ಇನ್ನ ಮೇಲೆ ದಿನಾ ಹಿಂಗೇ ಕುಂದ್ರಿಸ್ತೀವಿ."

ಚಿಕ್ಕತ್ತೆ ಅಳು ನಿಲ್ಲಿಸಿ ಅವಳ ಮುಖ ನೋಡಿದರು.

"ದಿನಾ? ಮಣ್ಣು ಮಾಡಲ್ವೇನೇ?"

ಈ ಹುಡುಗಿಗೆ ತಲೆಬುಡ ಅರ್ಥವಾಗದೆ, "ಮೊದ್ಲು ಪೂಜೆ ಮುಗೀಲಿ, ಆಮೇಲೆ ಗಂಜಿ ಕುಡಿಸ್ತೀವಿ" ಎಂದಳು. ಚಿಕ್ಕತ್ತೆ ಇವಳಿಗೆ ದುಃಖದಲ್ಲಿ ಬುದ್ಧಿ ಕೆಟ್ಟಿದೆ ಎಂದು ತೀರ್ಮಾನಿಸಿ ಜಗಲಿಗೆ ಓಡಿದರು. ಅಲ್ಲಿಂದ ಹೊನ್ನಾಳಿಯ ಅಣ್ಣನಿಗೆ ಫೋನು ಮಾಡಿದರು. ನಾನು ಗಂಜಿ ಪಾತ್ರೆ ಹಿಡಿದು ಹೊರಗೆ ಬರುವಷ್ಟರಲ್ಲಿ ಕುಟುಂಬದ ವಾಟ್ಸಾಪ್ ಗ್ರೂಪಿನಲ್ಲಿ ಕೈಮುಗಿದ ಚಿತ್ರಗಳು ಸಾಲುಗಟ್ಟಿದ್ದವು. ಅತ್ತೆಗೆ ಕಾಯಿಲೆ ಎಂದು ಒಂದು ಫೋನು ಮಾಡದವರೆಲ್ಲ, ಅಮ್ಮನಂಥ ಜೀವ ಕಳೆದುಕೊಂಡೆವು ಎಂದು ಉದ್ದುದ್ದ ಬರೆದಿದ್ದರು.

ಇಷ್ಟೆಲ್ಲ ನಡೆಯುವಾಗ ಅತ್ತೆ ಯಾಕೆ ಸುಮ್ಮನಿದ್ದರು ಎಂದು ಕೇಳುತ್ತೀರಿ. ಹೇಳಿದೆನಲ್ಲ, ಪೂಜೆಯ ನಡುವೆ ಅವರು ಕಣ್ಣು ತೆರೆಯುವುದಿಲ್ಲ. ತಮ್ಮ ಮೇಲಿನ ಗೋಳಾಟವನ್ನು ಪೂರ್ತಿ ಕೇಳಿಸಿಕೊಂಡು, ಪೂಜೆ ಮುಗಿಸಿ, ಲಿಂಗವನ್ನು ಕಣ್ಣಿಗೆ ಒತ್ತಿಕೊಂಡು ಕರಡಿಗೆಗೆ ಸೇರಿಸಿ, ಆಮೇಲೆ ಕಣ್ಣು ಬಿಟ್ಟರು. ಚಿಕ್ಕತ್ತೆ ಆಗ ತಾನೇ ಒಳಗೆ ಬಂದಿದ್ದರು.

"ಬಂಗಾರದಂಥ ಅಕ್ಕ ಅಂತ ಮೊದ್ಲೇ ಹೇಳಿದ್ರೆ ನಿನ್ನ ಗಂಟು ಹೋಗ್ತಿತ್ತೇನೇ?" ಎಂದರು ಅತ್ತೆ. "ಬಾಳೆಹಣ್ಣು ತಂದೀಯಲ್ಲ, ಒಂದು ಸುಲಿದು ಕೊಡು."

ಚಿಕ್ಕತ್ತೆ ಗೋಡೆ ಹಿಡಿದುಕೊಂಡು ಕುಸಿದರು. ಫಿಸಿಯೋ ಹುಡುಗಿ ಈಗ ಅವರಿಗೆ ತುಟಿ ಚೂಪು ಮಾಡಿ ಊದುವುದನ್ನು ಹೇಳಿಕೊಡಬೇಕಾಯಿತು.

ಅಷ್ಟಕ್ಕೇ ನಿಂತಿದ್ದರೆ ನಕ್ಕು ಸುಮ್ಮನಾಗುತ್ತಿದ್ದೆವು. ಹೊನ್ನಾಳಿ ಮಾವ, ಅಂದರೆ ಅತ್ತೆಯ ತಮ್ಮ, ದೊಡ್ಡ ಚೆಂಡುಹೂವಿನ ಹಾರ ಹಿಡಿದು, ಇನ್ನಷ್ಟು ಜನರನ್ನು ಕಾರಿನಲ್ಲಿ ತುಂಬಿಕೊಂಡು ಬಂದಿಳಿದರು. ಅಕ್ಕ ಬಾಳೆಹಣ್ಣು ತಿನ್ನುತ್ತಿರುವುದನ್ನು ನೋಡಿ ಅವರಿಗೆ ಸಂತೋಷವಾಗಬೇಕಿತ್ತು. ಆಗಲಿಲ್ಲ. ಊರವರ ಮುಂದೆ ಹಾರ ಹಿಡಿದು ನಿಂತ ಗಂಡಸಿಗೆ ಸಂತೋಷಕ್ಕಿಂತ ಮರ್ಯಾದೆ ದೊಡ್ಡದು. ಹಾರವನ್ನು ಕೊನೆಗೆ ದೇವರ ಫೋಟೋಗೆ ಹಾಕಿದರು. ಆಮೇಲೆ ನಮ್ಮೆಲ್ಲರಿಗೂ ಮಂಗಳಾರತಿ ಮಾಡಿದರು.

"ಜೀವ ಇದ್ದೋರನ್ನ ಗೋಡೆಗೆ ಕುಂದ್ರಿಸ್ತಾರೇನ್ರಿ? ಸಾವನ್ನ ಕೈಬೀಸಿ ಕರೆದಂಗಾಗ್ತೈತೆ. ನಾಳೆಯಿಂದ ಕುಂದ್ರಿಸಕೂಡ್ದು. ಆ ಹುಡುಗಿ ಬರಾದೂ ಬೇಡ."

ನಮ್ಮ ಯಜಮಾನರು ಸೋದರಮಾವನ ಮುಂದೆ ಎಂದೂ ಬಾಯಿ ತೆಗೆದವರಲ್ಲ. "ಆತು ಮಾವ" ಎಂದರು.

ಅಲ್ಲಿಗೆ ಮುಗಿಯಿತು. ಅತ್ತೆ ಮತ್ತೆ ಮಂಚದ ಮೇಲೆ ಅಂಗಾತ. ಮತ್ತೆ ಆರಾಮ. ಉಸಿರಿನ ಸದ್ದು ಬೀದಿಗೆ ಕೇಳುತ್ತಿತ್ತು. ಆದರೆ ಈ ಸಲ ಅವರು ಮೊದಲಿನ ಹಾಗೆ ಮುಖ ತಿರುಗಿಸಿ ಸುಮ್ಮನಾಗಲಿಲ್ಲ. ಗಂಜಿ ಚಮಚ ಬಾಯಿ ಹತ್ತಿರ ಬಂದರೆ ಕೈಯಿಂದ ತಳ್ಳುತ್ತಿದ್ದರು.

"ಒಂದ್ಸಲ ಕುಂದ್ರಿಸಿ ಆಸೆ ಹುಟ್ಟಿಸಿದ್ರಿ. ಈಗ ಪೂಜೆ ಇಲ್ದೆ ಉಣ್ಣಲ್ಲ. ನಿನ್ನ ಗಂಡಂಗೆ ಹೇಳು, ನಾನು ಸತ್ತರೆ ಗೋಡೆಯಿಂದ ಅಲ್ಲ, ಹಸಿವಿಂದ."

ಹೇಳಿದೆ. ಗಂಡ ಹೊನ್ನಾಳಿಗೆ ಫೋನು ಮಾಡಿದರು. ಹೊನ್ನಾಳಿಯಿಂದ, "ಸಂಪ್ರದಾಯ ಅಂದ್ರೆ ಸಂಪ್ರದಾಯ" ಎಂಬ ಉತ್ತರ ಬಂತು. ಹಸಿದವರು ನ್ಯಾಮತಿಯಲ್ಲಿ, ಸಂಪ್ರದಾಯ ಹೊನ್ನಾಳಿಯಲ್ಲಿ. ಒಳ್ಳೆ ವ್ಯವಸ್ಥೆ.

ನಾನು ಬೀದಿ ಕಡೆಯ ಕೋಣೆಯಲ್ಲಿ ಜಂಪರು ಹೊಲಿಯುತ್ತೇನೆ. ಅಂದು ಯಾರದ್ದೋ ಜಂಪರಿಗೆ ತೋಳು ಉಲ್ಟಾ ಹಚ್ಚಿ, ಬಿಚ್ಚಿ, ಮತ್ತೆ ಉಲ್ಟಾ ಹಚ್ಚಿದೆ. ಒಳಗಿನಿಂದ ಆ ಉಸಿರಿನ ಸದ್ದು. ಸಾಕಾಗಿ ಫಿಸಿಯೋ ಹುಡುಗಿಗೆ ಫೋನು ಮಾಡಿದೆ.

"ಗೋಡೆ ಇಲ್ದೆ ಕುಂದ್ರಿಸಾಕೆ ಆಗಲ್ವೇನವ್ವಾ?"

"ಗೋಡೆ ಯಾರಿಗೆ ಬೇಕಕ್ಕಾ? ಹಿಂದಕ್ಕೆ ಆನಿಸೋ ಬದ್ಲು ಮುಂದಕ್ಕೆ ವಾಲಿಸಿದ್ರೆ ಉಸಿರು ಇನ್ನೂ ಸಲೀಸು. ಎದೆಮಟ್ಟಕ್ಕೆ ಒಂದು ಮೇಜು ಬೇಕು ಅಷ್ಟೇ. ಐತಾ ಮನೇಲಿ?"

ಮೇಜು ಇರಲಿಲ್ಲ. ನನ್ನ ಮುಂದೆ ಹೊಲಿಗೆ ಮಿಷನ್ನಿತ್ತು. ಅದರ ತಲೆಯನ್ನು ಒಳಗೆ ಮಡಚಿ ಹಲಗೆ ಮುಚ್ಚಿದರೆ ಮೇಲೆ ಒಳ್ಳೆ ಸಪಾಟು ಜಾಗ.

ಮಾರನೆಯ ಬೆಳಿಗ್ಗೆ ಬಂದಳು. ಬಂದವಳು ಮೊದಲು ಮಿಷನ್ನಿನ ಸುತ್ತ ಒಂದು ಪ್ರದಕ್ಷಿಣೆ ಹಾಕಿದಳು. "ಪೆಡಲ್ ಮೇಲೆ ಕಾಲಿಡೋದು ಬೇಡ, ಅಜ್ಜಿ ಜಂಪರು ಹೊಲಿಯಾಕೆ ಶುರು ಮಾಡ್ತಾರೆ" ಎಂದು ಕಾಲ ಕೆಳಗೆ ಮಣೆ ಇಡಿಸಿದಳು. ಹಲಗೆ ಮೇಲೆ ಎರಡು ದಿಂಬು. ಅತ್ತೆ ಕುರ್ಚಿಯಲ್ಲಿ ಕೂತು, ಎರಡೂ ಮುಂಗೈ ದಿಂಬಿನ ಮೇಲೆ ಚಾಚಿ, ಮುಂದಕ್ಕೆ ವಾಲಿದರು. ಎಡ ಅಂಗೈ ಮೇಲೆ ಲಿಂಗ ಬಂತು. ತುಸು ಹೊತ್ತಿಗೆ ಉಸಿರಿನ ಸದ್ದು ಇಳಿಯಿತು. ಬೀದಿಯಲ್ಲಿ ಹೋಗುವವರು, ಟೈಲರಮ್ಮ ಅತ್ತೆಗೆ ಈ ವಯಸ್ಸಿನಲ್ಲಿ ಕೆಲಸ ಕಲಿಸುತ್ತಿದ್ದಾಳೆ ಎಂದು ಬೈದುಕೊಂಡಿರಬೇಕು. ಬೈದುಕೊಳ್ಳಲಿ. ಅಂದು ಅತ್ತೆ ಗಂಜಿ ಕುಡಿದರು, ಮೇಲೆ ಉಪ್ಪಿನಕಾಯಿ ಕೇಳಿದರು.

ಹೊನ್ನಾಳಿಗೆ ಸುದ್ದಿ ಮುಟ್ಟದೆ ಇರುತ್ತದೆಯೇ? ಎರಡನೇ ದಿನವೇ ಮಾವ ಬಂದು ಬಾಗಿಲಲ್ಲಿ ನಿಂತರು. ಹಾರ ತಂದಿರಲಿಲ್ಲ, ಪುಣ್ಯ. ಅತ್ತೆ ಪೂಜೆ ಮುಗಿಸಿ ಕರಡಿಗೆ ಮುಚ್ಚುತ್ತಿದ್ದರು.

"ಕುಂದ್ರಿಸಬೇಡ್ರಿ ಅಂದಿದ್ದೆ" ಎಂದು ಶುರು ಮಾಡಿದರು ಮಾವ.

"ಏ ತಮ್ಮಾ, ಇಲ್ಲಿ ಬಾ" ಎಂದರು ಅತ್ತೆ. "ನೀನು ಊರಿಗೆಲ್ಲ ಸಂಪ್ರದಾಯ ಹೇಳೋನು. ಹೊಲಿಗೆ ಮಿಷನ್ ಮುಂದೆ ಸತ್ತೋರನ್ನ ಕುಂದ್ರಿಸಿದ್ದು ಎಲ್ಲಾರ ನೋಡೀಯೇನು?"

ಮಾವ ಯೋಚಿಸಿದರು. ನಿಜವಾಗಿಯೂ ಯೋಚಿಸಿದರು, ಗಡ್ಡ ಕೆರೆದುಕೊಂಡು. "ಇಲ್ಲ" ಎಂದರು.

"ಲಿಂಗಪೂಜೆ ಬಿಡು ಅಂತ ನಮ್ಮಪ್ಪ ಹೇಳಿದ್ದು ಕೇಳೀಯೇನು?"

"ಇಲ್ಲ ಬಿಡಕ್ಕಾ."

"ಮತ್ತೆ ಬೆಳಕಿಗೆ ಅಡ್ಡ ನಿಂತೀಯಾ, ಸರಕೋ."

ಅವಮಾನವಾಗಿ ಎದ್ದು ಹೋಗಬೇಕಿದ್ದ ಮಾವನನ್ನು ತಡೆದವಳು ಫಿಸಿಯೋ ಹುಡುಗಿ. ಅವಳಿಗೆ ಮನುಷ್ಯರನ್ನು ಕೂರಿಸುವುದಷ್ಟೇ ಅಲ್ಲ, ಕೆಲಸಕ್ಕೆ ಹಚ್ಚುವುದೂ ಗೊತ್ತಿತ್ತು. "ನೀವು ಇದ್ದಿದ್ದು ಒಳ್ಳೇದಾತು ನೋಡ್ರಿ. ಅಜ್ಜೀನ ಮಂಚಕ್ಕೆ ವಾಪಸ್ ಕರ್ಕಂಡು ಹೋಗಾಕೆ ಗಟ್ಟಿ ಆಳು ಬೇಕು. ಈ ಅಣ್ಣ ಕೊಡ ಎಳೆದಂಗೆ ಎಳೀತಾರೆ" ಎಂದು ನಮ್ಮ ಯಜಮಾನರ ಕಡೆ ಬೆರಳು ತೋರಿಸಿದಳು. ಮಾವನ ಎದೆ ಉಬ್ಬಿತು. ಬೆನ್ನ ಹಿಂದೆ ಎಲ್ಲಿ ಕೈ ಕೊಡಬೇಕು, ಮೊಣಕಾಲನ್ನು ಹೇಗೆ ತಡೆಯಬೇಕು ಎಲ್ಲ ಕಲಿತರು. ಕಲಿತಿದ್ದೇ ತಡ, ತಾವೇ ಕಂಡುಹಿಡಿದವರ ಹಾಗೆ ಬಂದವರಿಗೆಲ್ಲ ಪಾಠ ಶುರು ಮಾಡಿದರು. "ರಟ್ಟೆ ಹಿಡಿದು ಜಗ್ಗಬಾರ್ದು ಕಣ್ರೋ, ಮಗ್ಗುಲಿಂದ ಎಬ್ಬಿಸ್ಬೇಕು." ಸಂಪ್ರದಾಯವನ್ನು ಅಷ್ಟು ಗಟ್ಟಿಯಾಗಿ ಹಿಡಿದಿದ್ದವರು ಅದಕ್ಕಿಂತ ಗಟ್ಟಿಯಾಗಿ ಫಿಸಿಯೋಥೆರಪಿ ಹಿಡಿದರು.

ಆ ಮಳೆಗಾಲ ಪೂರ್ತಿ ಅತ್ತೆ ನನ್ನ ಮಿಷನ್ ಮುಂದೆ ಪೂಜೆ ಮಾಡಿದರು. ಬೆಳಿಗ್ಗೆ ಜಂಪರಿಗೆ ಬಂದವರನ್ನು, "ಮಿಷನ್ ಖಾಲಿ ಇಲ್ಲ, ಮಧ್ಯಾಹ್ನ ಬರ್ರಿ" ಎಂದು ಕಳಿಸುತ್ತಿದ್ದೆ. ನಡುವೆ ಒಂದು ದಿನ ಆ ವಾಟ್ಸಾಪ್ ಗ್ರೂಪು ಓದಿ ಹೇಳು ಎಂದು ಹಟ ಹಿಡಿದರು. ಅಳಿಸಿದ ಸಂದೇಶಗಳೇ ಅದರಲ್ಲಿ ತುಂಬಿದ್ದವು. ಉಳಿದಿದ್ದನ್ನು ಓದಿದೆ. "ಅಮ್ಮನಂಥ ಜೀವ ಅಂದೋನು ಯಾವೋನು? ಹೋದ ದೀಪಾವಳಿಗೆ ನನ್ನ ನೋಡಿ ಬಾಗಿಲು ಹಾಕ್ಕಂಡಿದ್ದ" ಎಂದು ನಕ್ಕರು. ನಕ್ಕಿದ್ದಕ್ಕೆ ಆಯಾಸವಾಗಿ, ಬಸಿಯ ಚಹಾ ಊದಿದಂತೆ ಊದಿ ಸುಧಾರಿಸಿಕೊಂಡು, ಮತ್ತೆ ನಕ್ಕರು.

ಆಮೇಲೆ ಕಾಲು ಬಾತವು. ಕುರ್ಚಿಗೆ ಬರುವಷ್ಟು ಶಕ್ತಿ ಉಳಿಯಲಿಲ್ಲ. ಇನ್ನು ವ್ಯಾಯಾಮದವಳಿಗೆ ಇಲ್ಲೇನು ಕೆಲಸ ಎಂದು ನಮ್ಮ ಯಜಮಾನರು ಅಂದುಕೊಂಡರು. ಅವಳು ಬರುವುದು ನಿಲ್ಲಿಸಲಿಲ್ಲ. ಮಗ್ಗುಲಾಗಿ, ತಲೆಕಡೆ ಎತ್ತರ ಮಾಡಿ, ಎರಡು ಮೊಣಕಾಲ ನಡುವೆ ದಿಂಬು ಇಟ್ಟು ಮಲಗಿಸುವುದನ್ನು ಹೇಳಿಕೊಟ್ಟಳು. ಪಾದ ತನ್ನ ತೊಡೆ ಮೇಲಿಟ್ಟುಕೊಂಡು ಮೆಲ್ಲಗೆ ನೀವುತ್ತಿದ್ದಳು. ಈಗ ಜಗಳಕ್ಕೆ ನಿಂತವರು ಮಾವ.

"ಕುಂದ್ರಿಸ್ರಿ ಮೇಡಂ. ನಾನು ಹಿಡ್ಕಂತೀನಿ. ಪೂಜೆ ತಪ್ಪತೈತೆ."

"ಬೇಡ್ರಿ. ಈಗ ಕುಂದ್ರಿಸಿದ್ರೆ ನಮ್ಮ ಸಮಾಧಾನಕ್ಕೆ, ಅಜ್ಜಿಗಲ್ಲ" ಎಂದಳು ಅವಳು. ಆಮೇಲೆ ಅತ್ತೆಯ ಕಿವಿ ಹತ್ತಿರ ಬಾಗಿ, "ಅಜ್ಜಿ, ಇಷ್ಟು ದಿನ ನೀವು ಲಿಂಗದ ಹತ್ರ ಎದ್ದು ಬಂದ್ರಿ. ಈಗ ಅದೇ ಬರ್ಲಿ, ಆತಾ?" ಎಂದು ಕೇಳಿದಳು. ಅತ್ತೆ ಕಣ್ಣಲ್ಲೇ ಹೂಂ ಎಂದರು. ದಿಂಬಿನ ಮೇಲೆ ಅವರ ಎಡ ಅಂಗೈ ಬಿಡಿಸಿ ಇಟ್ಟು, ಲಿಂಗ ಇಟ್ಟೆ. ಹಾಗೇ ಕೆಲವು ದಿನ ನಡೆಯಿತು.

ಒಂದು ಬೆಳಿಗ್ಗೆ ಪೂಜೆ ಮುಗಿಯಿತು, ಕಣ್ಣು ತೆರೆಯಲಿಲ್ಲ.

ಸ್ನಾನ ಮಾಡಿಸಿ, ವಿಭೂತಿ ಹಚ್ಚಿ, ಹಾಲ್‌ನ ಅದೇ ಕಿಟಕಿ ಪಕ್ಕದ ಗೋಡೆಗೆ ಕೂರಿಸಿದೆವು. ಈ ಸಲ ಯಾರ ಅಡ್ಡಿಯೂ ಇರಲಿಲ್ಲ. ಬೇರೆಯವರು ದೇಹ ವಾಲದಂತೆ ಕಟ್ಟಲು ಹಗ್ಗ ಹುಡುಕುತ್ತಿದ್ದರೆ ಮಾವ ಎಲ್ಲರನ್ನೂ ಪಕ್ಕಕ್ಕೆ ಸರಿಸಿ, ಟವೆಲ್ಲು ಸುರುಳಿ ಸುತ್ತಿ ಅಕ್ಕನ ಕುತ್ತಿಗೆಗೆ ಕೊಟ್ಟರು. ಎರಡೂ ಪಕ್ಕಕ್ಕೆ ದಿಂಬು ಇಟ್ಟರು. ಎಡ ಮೊಣಕೈ ಕೆಳಗೆ ಬೆಡ್‌ಶೀಟು ಮಡಚಿ ಇಟ್ಟು, ಸರಿಯಾಯಿತೇ ಎಂದು ಫಿಸಿಯೋ ಹುಡುಗಿಯ ಕಡೆ ನೋಡಿದರು. ಅವಳು ತಲೆ ಆಡಿಸಿ, ಪಕ್ಕದಲ್ಲಿ ನೆಲಕ್ಕೆ ಕೂತಳು.

ಚನ್ನಗಿರಿಯಿಂದ ಚಿಕ್ಕತ್ತೆ ಬಂದರು. ಅವರಿಗೆ ಫೋನಿನಲ್ಲಿ ಸುದ್ದಿ ಹೇಳಿದ್ದೆವು. ಆದರೂ ಹೊಸ್ತಿಲಲ್ಲೇ ನಿಂತುಬಿಟ್ಟರು. ಕೂತ ಅಕ್ಕನನ್ನು ನೋಡಿದರು, ತಲೆ ತಗ್ಗಿಸಿ ಕೂತ ಹುಡುಗಿಯನ್ನು ನೋಡಿದರು, ಅಕ್ಕನ ಎದೆಯನ್ನೇ ಬಹಳ ಹೊತ್ತು ನೋಡಿದರು. ಅಳಲಿಲ್ಲ. ಮೆಲ್ಲಗೆ ನನ್ನ ಹತ್ತಿರ ಬಂದು, ಕಿವಿಯಲ್ಲಿ ಪಿಸುಗುಟ್ಟಿದರು.

"ಪೂಜೆ ಮಾಡ್ತಿಲ್ಲ ತಾನೇ?"

"ಇಲ್ಲ ಚಿಕ್ಕತ್ತೆ" ಎಂದೆ. "ಈಗ ಅಳ್ರಿ."